ಶಾಲಾ ವರ್ಗಾವಣೆ ಮತ್ತು ವಿಶೇಷ ಅಗತ್ಯವುಳ್ಳ ಮಕ್ಕಳ ಮರುಮೌಲ್ಯಾಂಕನ

ವಿಶೇಷ ಅಗತ್ಯವುಳ್ಳ ಮಕ್ಕಳ ಮರುಮೌಲ್ಯಾಂಕನ ಎಂದರೆ, ಅಂಗವೈಕಲ್ಯ ಅಥವಾ ಕಲಿಕಾ ನ್ಯೂನತೆ ಇದೆಯೆಂದು ಈಗಾಗಲೇ ಗುರುತಿಸಲಾದ ಮಗುವಿನ ಕಲಿಕಾ ಮಟ್ಟ, ದೈನಂದಿನ ಸಾಮರ್ಥ್ಯ ಮತ್ತು ಅಗತ್ಯ ನೆರವುಗಳನ್ನು ಮತ್ತೊಮ್ಮೆ ಪರಿಶೀಲಿಸುವ ಪ್ರಕ್ರಿಯೆ. ಮಗು ಒಂದು ಶೈಕ್ಷಣಿಕ ವಲಯದಿಂದ ಇನ್ನೊಂದಕ್ಕೆ ವರ್ಗಾವಣೆಯಾದಾಗ ಈ ಪ್ರಕ್ರಿಯೆ ಹೆಚ್ಚಿನ ಮಹತ್ವ ಪಡೆಯುತ್ತದೆ. ಭಾರತದಲ್ಲಿ ಶಾಲೆಗೆ ಸೇರುವ ಹಕ್ಕು ಮತ್ತು ವೈದ್ಯಕೀಯ ಅಂಗವೈಕಲ್ಯ ಪ್ರಮಾಣಪತ್ರ ಎರಡೂ ಮಗುವಿನೊಂದಿಗೆ ಸಾಗುತ್ತವೆ. ಆದರೆ ಹಿಂದಿನ ಶಾಲೆಯಲ್ಲಿ ರೂಪಿಸಿದ್ದ ವೈಯಕ್ತಿಕ ಶಿಕ್ಷಣ ಯೋಜನೆಯು ಹೊಸ ಶಾಲೆಗೆ ತಾನಾಗಿಯೇ ತಲುಪುವ ವ್ಯವಸ್ಥೆಯನ್ನು ಸಂಬಂಧಿತ ಎರಡು ಪ್ರಮುಖ ಕಾಯ್ದೆಗಳು ಹೆಸರಿಸಿ ಹೇಳಿಲ್ಲ. ಈ ಲೇಖನವು ಕರ್ನಾಟಕದಲ್ಲಿನ ವ್ಯವಸ್ಥೆಯನ್ನು, ವಿಶೇಷವಾಗಿ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಾದ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರಗಳ ಸಂದರ್ಭದಲ್ಲಿ ವಿವರಿಸುತ್ತದೆ.

## ಹಿನ್ನೆಲೆ

ಸಾಮಾನ್ಯ ಶಾಲೆಗಳಲ್ಲಿ ಅಂಗವಿಕಲ ಮಕ್ಕಳಿಗೆ ಶಿಕ್ಷಣ ನೀಡುವ ಉದ್ದೇಶದಿಂದ ಕೇಂದ್ರ ಸರ್ಕಾರವು 1974ರಲ್ಲಿ ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣ ಯೋಜನೆಯನ್ನು ಆರಂಭಿಸಿತು. ಮುಂದೆ ಪ್ರಾಥಮಿಕ ಹಂತದಲ್ಲಿ ಈ ಹೊಣೆಯನ್ನು ಸರ್ವ ಶಿಕ್ಷಣ ಅಭಿಯಾನವು ವಹಿಸಿಕೊಂಡಿತು. 2018ರಲ್ಲಿ ಜಾರಿಗೆ ಬಂದ ಸಮಗ್ರ ಶಿಕ್ಷಣ ಯೋಜನೆಯು ಪೂರ್ವ ಪ್ರಾಥಮಿಕದಿಂದ 12ನೇ ತರಗತಿಯವರೆಗಿನ ಎಲ್ಲ ಹಂತಗಳನ್ನು ಒಂದೇ ಚೌಕಟ್ಟಿಗೆ ತಂದಿತು. ಅಂತರರಾಷ್ಟ್ರೀಯ ಮಟ್ಟದಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಸ್ಥಿರೀಕರಿಸಿತು. ಅದರ 24ನೇ ವಿಧಿ ಸಮನ್ವಯ ಶಿಕ್ಷಣಕ್ಕೆ ಸಂಬಂಧಿಸಿದೆ.

ಕರ್ನಾಟಕದಲ್ಲಿ ಶಾಲಾ ಶಿಕ್ಷಣದ ಆಡಳಿತವು ಶೈಕ್ಷಣಿಕ ವಲಯಗಳ ಮೂಲಕ ನಡೆಯುತ್ತದೆ. ಪ್ರತಿ ವಲಯಕ್ಕೆ ಒಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ ಇರುತ್ತಾರೆ. ಶೈಕ್ಷಣಿಕ ಬೆಂಬಲದ ಕೆಲಸ ಕ್ಷೇತ್ರ ಸಂಪನ್ಮೂಲ ಕೇಂದ್ರದ ಮೂಲಕ ಸಾಗುತ್ತದೆ. ಬಿ.ಐ.ಇ.ಆರ್.ಟಿ. ಎಂದು ಪರಿಚಿತರಾದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಈ ಕೇಂದ್ರದಿಂದಲೇ ಕಾರ್ಯನಿರ್ವಹಿಸುತ್ತಾರೆ. ಹೀಗಾಗಿ ಮಗುವಿನ ವಲಯ ಬದಲಾದರೆ ಅದನ್ನು ಬಲ್ಲ ಸಂಪನ್ಮೂಲ ಶಿಕ್ಷಕರೂ ಬದಲಾಗುತ್ತಾರೆ.

## ಮೌಲ್ಯಾಂಕನದ ವಿಧಗಳು

ವರ್ಗಾವಣೆಯ ಸಂದರ್ಭದಲ್ಲಿ ‘ಮೌಲ್ಯಾಂಕನ’ ಎಂಬ ಒಂದೇ ಪದವನ್ನು ಮೂರು ಬೇರೆ ಬೇರೆ ಪ್ರಕ್ರಿಯೆಗಳಿಗೆ ಬಳಸುವುದರಿಂದ ಗೊಂದಲ ಉಂಟಾಗುತ್ತದೆ.

ಪ್ರಾಥಮಿಕ ಗುರುತಿಸುವಿಕೆ: ಇದು ಶಾಲೆಯಲ್ಲಿ ನಡೆಯುತ್ತದೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಸಿದ್ಧಪಡಿಸಿದ ‘ಪ್ರಶಸ್ತ್’ ಪರಿಶೀಲನಾ ಪಟ್ಟಿಯು 2022ರಿಂದ ಮೊಬೈಲ್ ಆ್ಯಪ್ ರೂಪದಲ್ಲಿಯೂ ದೊರೆಯುತ್ತದೆ. ಮೊದಲ ಭಾಗವನ್ನು ತರಗತಿ ಶಿಕ್ಷಕರೂ ಎರಡನೆಯ ಭಾಗವನ್ನು ವಿಶೇಷ ಶಿಕ್ಷಕರೂ ತುಂಬುತ್ತಾರೆ. ಇದು ರೋಗನಿರ್ಣಯವಲ್ಲ, ಹೆಚ್ಚಿನ ಪರೀಕ್ಷೆ ಅಗತ್ಯವೇ ಎಂಬುದನ್ನು ಮಾತ್ರ ಸೂಚಿಸುತ್ತದೆ.

ವೈದ್ಯಕೀಯ ಪ್ರಮಾಣೀಕರಣ: ಇದನ್ನು ಅಧಿಸೂಚಿತ ವೈದ್ಯಕೀಯ ಪ್ರಾಧಿಕಾರವು ನಡೆಸಿ ಅಂಗವೈಕಲ್ಯದ ವಿಧ ಮತ್ತು ಪ್ರಮಾಣವನ್ನು ನಿಗದಿಪಡಿಸುತ್ತದೆ. 2021ರ ಜೂನ್ 1ರಿಂದ ಈ ಪ್ರಮಾಣಪತ್ರಗಳನ್ನು ಯುಡಿಐಡಿ ಜಾಲತಾಣದ ಮೂಲಕವೇ ನೀಡುವುದು ಕಡ್ಡಾಯವಾಗಿದೆ.

ಶೈಕ್ಷಣಿಕ ಮೌಲ್ಯಾಂಕನ: ಮಗು ಏನನ್ನು ಓದಬಲ್ಲದು, ಹೇಗೆ ಬರೆಯುತ್ತದೆ, ಎಷ್ಟು ಹೊತ್ತು ಗಮನವಿಡುತ್ತದೆ, ಶೌಚ ಮತ್ತು ಊಟಕ್ಕೆ ಯಾರ ನೆರವು ಬೇಕು ಮುಂತಾದ ಅಂಶಗಳನ್ನು ಇದರಲ್ಲಿ ದಾಖಲಿಸಲಾಗುತ್ತದೆ. ಇದರ ಆಧಾರದ ಮೇಲೆ ಗುರಿಗಳು, ಬೋಧನಾ ವಿಧಾನ ಮತ್ತು ನೆರವುಗಳನ್ನು ಒಳಗೊಂಡ ವೈಯಕ್ತಿಕ ಶಿಕ್ಷಣ ಯೋಜನೆ ಸಿದ್ಧವಾಗುತ್ತದೆ.

ವರ್ಗಾವಣೆಯಾದ ಮಾತ್ರಕ್ಕೆ ವೈದ್ಯಕೀಯ ಪ್ರಮಾಣೀಕರಣವನ್ನು ಮತ್ತೆ ಮಾಡಿಸಬೇಕಾಗಿಲ್ಲ. ಹೊಸ ಶಾಲೆಯಲ್ಲಿ ಸಾಮಾನ್ಯವಾಗಿ ಅಗತ್ಯವಾಗುವುದು ಮೂರನೆಯ ಪ್ರಕ್ರಿಯೆ ಮಾತ್ರ. ಇವೆರಡನ್ನೂ ಒಂದೇ ಎಂದು ಭಾವಿಸಿದಾಗ ಮಗು ಜಿಲ್ಲಾ ಆಸ್ಪತ್ರೆಗೆ ಅನಗತ್ಯವಾಗಿ ಅಲೆಯಬೇಕಾಗುತ್ತದೆ, ಇಲ್ಲವೇ ‘ವರದಿ ಬರಲಿ’ ಎಂದು ಕಾಯುತ್ತ ಶೈಕ್ಷಣಿಕ ವರ್ಷದ ಕೆಲವು ತಿಂಗಳುಗಳನ್ನು ಕಳೆದುಕೊಳ್ಳುತ್ತದೆ.

## ಕಾನೂನಿನ ಚೌಕಟ್ಟು

### ಶಿಕ್ಷಣ ಹಕ್ಕು ಕಾಯ್ದೆ, 2009

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಪ್ರಕರಣವು ವರ್ಗಾವಣೆಗೆ ಸಂಬಂಧಿಸಿದೆ. ರಾಜ್ಯದ ಒಳಗೆ ಅಥವಾ ಹೊರಗೆ, ಯಾವುದೇ ಕಾರಣಕ್ಕಾಗಿ ಶಾಲೆ ಬದಲಿಸಬೇಕಾದ ಮಗುವಿಗೆ ವರ್ಗಾವಣೆ ಕೋರುವ ಹಕ್ಕಿದೆ. ಹಿಂದಿನ ಶಾಲೆಯ ಮುಖ್ಯ ಶಿಕ್ಷಕರು ವರ್ಗಾವಣೆ ಪತ್ರವನ್ನು ಕೂಡಲೇ ನೀಡಬೇಕು. ಆ ಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ಪ್ರವೇಶವನ್ನು ವಿಳಂಬಿಸುವಂತಿಲ್ಲ, ನಿರಾಕರಿಸುವಂತಿಲ್ಲ. ಅನುದಾನರಹಿತ ಶಾಲೆಗಳು ಮತ್ತು ಕಾಯ್ದೆಯಲ್ಲಿ ಹೇಳಲಾದ ನಿರ್ದಿಷ್ಟ ವರ್ಗದ ಶಾಲೆಗಳು ಈ ಹಕ್ಕಿನ ವ್ಯಾಪ್ತಿಗೆ ಬರುವುದಿಲ್ಲ. ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಚಿತಪಡಿಸುವುದು 9ನೇ ಪ್ರಕರಣದ ಪ್ರಕಾರ ಸ್ಥಳೀಯ ಪ್ರಾಧಿಕಾರದ ಕರ್ತವ್ಯ. 2012ರ ತಿದ್ದುಪಡಿಯು ತೀವ್ರ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳುವ ಅವಕಾಶ ನೀಡಿತು.

### ಅಂಗವಿಕಲರ ಹಕ್ಕುಗಳ ಕಾಯ್ದೆ, 2016

2017ರ ಏಪ್ರಿಲ್ 19ರಂದು ಜಾರಿಗೆ ಬಂದ ಈ ಕಾಯ್ದೆಯು 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. 16ನೇ ಪ್ರಕರಣದ ಪ್ರಕಾರ, ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ತಾರತಮ್ಯವಿಲ್ಲದೆ ಪ್ರವೇಶ ನೀಡಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಗಳನ್ನು ಮಾಡಬೇಕು, ವೈಯಕ್ತಿಕ ಬೆಂಬಲ ಒದಗಿಸಬೇಕು ಮತ್ತು ಪ್ರಗತಿಯನ್ನು ಗಮನಿಸುತ್ತಿರಬೇಕು. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ಅವರ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು 31ನೇ ಪ್ರಕರಣ ನೀಡುತ್ತದೆ.

58ನೇ ಪ್ರಕರಣದಡಿ ನೀಡಲಾದ ಪ್ರಮಾಣಪತ್ರವು ದೇಶದಾದ್ಯಂತ ಮಾನ್ಯ. ಕೊಪ್ಪದ ನಿವಾಸಿಯಾಗಿ ಪಡೆದ ಪ್ರಮಾಣಪತ್ರವು ತೀರ್ಥಹಳ್ಳಿಯಲ್ಲಿಯೂ ಬೆಂಗಳೂರಿನಲ್ಲಿಯೂ ಕಾಸರಗೋಡಿನಲ್ಲಿಯೂ ಅಷ್ಟೇ ಮಾನ್ಯವಾಗಿರುತ್ತದೆ. ಪ್ರಮಾಣೀಕರಣದ ನಿರ್ಧಾರವನ್ನು ಒಪ್ಪದವರು 59ನೇ ಪ್ರಕರಣದಡಿ ಮೇಲ್ಮನವಿ ಸಲ್ಲಿಸಬಹುದು. 2017ರ ನಿಯಮಗಳ ಪ್ರಕಾರ ಹೊಸದಾಗಿ ಅರ್ಜಿ ಹಾಕುವವರು ತಾವು ವಾಸಿಸುವ ಜಿಲ್ಲೆಯ ಪ್ರಾಧಿಕಾರಕ್ಕೆ ಅಥವಾ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಜಿಲ್ಲೆಯ ಗಡಿಯಲ್ಲಿರುವ ಕುಟುಂಬಗಳಿಗೆ ಈ ಎರಡನೆಯ ಅವಕಾಶ ಉಪಯುಕ್ತ.

### ಕಾಯ್ದೆಗಳ ನಡುವಿನ ತೆರಪು

ಮೊದಲ ಕಾಯ್ದೆಯು ವರ್ಗಾವಣೆ ಪತ್ರದ ಬಗ್ಗೆ ಹೇಳುತ್ತದೆ; ಎರಡನೆಯದು ಪ್ರಮಾಣಪತ್ರ ಮತ್ತು ಬೆಂಬಲದ ಬಗ್ಗೆ ಹೇಳುತ್ತದೆ. ಹಿಂದಿನ ಶಾಲೆಯ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ಹೊಸ ಶಾಲೆ ಎಷ್ಟು ದಿನಗಳೊಳಗೆ ಪಡೆಯಬೇಕು, ಹೊಸ ಯೋಜನೆ ಸಿದ್ಧವಾಗುವವರೆಗೆ ಹಳೆಯದನ್ನು ಮುಂದುವರಿಸಬೇಕೇ ಎಂಬುದನ್ನು ಎರಡೂ ಕಾಯ್ದೆಗಳು ನಿರ್ದಿಷ್ಟವಾಗಿ ಹೇಳುವುದಿಲ್ಲ. ಆದರೂ ಬೆಂಬಲ ನೀಡುವ 16ನೇ ಪ್ರಕರಣದ ಕರ್ತವ್ಯಕ್ಕೆ ಮರುಮೌಲ್ಯಾಂಕನ ಪೂರ್ಣವಾಗಬೇಕೆಂಬ ಷರತ್ತಿಲ್ಲ. ಆದ್ದರಿಂದ ಪ್ರವೇಶದ ದಿನದಿಂದಲೇ ಆ ಕರ್ತವ್ಯ ಹೊಸ ಶಾಲೆಗೆ ಅನ್ವಯಿಸುತ್ತದೆ.

## ಪ್ರಮಾಣಪತ್ರದ ನವೀಕರಣ

ಕಾಲಕ್ರಮೇಣ ಬದಲಾಗುವ ಸಾಧ್ಯತೆಯಿಲ್ಲದ ಅಂಗವೈಕಲ್ಯಗಳಿಗೆ ಶಾಶ್ವತ ಪ್ರಮಾಣಪತ್ರವನ್ನೂ ಬದಲಾಗಬಹುದಾದವುಗಳಿಗೆ ಅವಧಿ ನಮೂದಿಸಿದ ಪ್ರಮಾಣಪತ್ರವನ್ನೂ ನೀಡಲಾಗುತ್ತದೆ. ವರ್ಗಾವಣೆಯ ಸಮಯದಲ್ಲಿ ಈ ಅವಧಿ ಮುಗಿಯುತ್ತಿದ್ದರೆ ಮಾತ್ರ ವೈದ್ಯಕೀಯ ಮರುಪರೀಕ್ಷೆಯ ಅಗತ್ಯ ಬರುತ್ತದೆ.

2018ರ ಜನವರಿಯಲ್ಲಿ ಪ್ರಕಟವಾದ ಕೇಂದ್ರದ ಮಾರ್ಗಸೂಚಿಯು ನಿರ್ದಿಷ್ಟ ಕಲಿಕಾ ನ್ಯೂನತೆಯ ಪ್ರಾಥಮಿಕ ಪರಿಶೀಲನೆಯನ್ನು 3ನೇ ತರಗತಿ ಅಥವಾ 8 ವರ್ಷದ ವಯಸ್ಸಿನಲ್ಲಿ ಮಾಡಬೇಕೆಂದು ಹೇಳಿತು. ಪ್ರಮಾಣೀಕರಣವನ್ನು 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಮಾಡಬೇಕು. 18ನೇ ವಯಸ್ಸಿನಲ್ಲಿ ನೀಡಿದ ಪ್ರಮಾಣಪತ್ರ ಜೀವನಪರ್ಯಂತ ಮಾನ್ಯ. ಬೌದ್ಧಿಕ ನ್ಯೂನತೆಗೆ 5, 10 ಮತ್ತು 18ನೇ ವಯಸ್ಸುಗಳನ್ನು ನವೀಕರಣದ ಹಂತಗಳೆಂದು ಅದೇ ಮಾರ್ಗಸೂಚಿ ಗುರುತಿಸಿತು. ಮಾರ್ಗಸೂಚಿಯನ್ನು 2024ರಲ್ಲಿ ಪರಿಷ್ಕರಿಸಲಾಗಿದೆ. ಆದ್ದರಿಂದ ಪ್ರತಿ ಮಗುವಿನ ವಿಷಯದಲ್ಲಿ ಪ್ರಮಾಣಪತ್ರದ ಮೇಲೆ ಮುದ್ರಿತವಾದ ದಿನಾಂಕವನ್ನೇ ಆಧಾರವಾಗಿ ನೋಡಲಾಗುತ್ತದೆ.

14ನೇ ವಯಸ್ಸಿನ ಹಂತವು ಪ್ರೌಢಶಾಲೆಗೆ ಸೇರುವ ಕಾಲಕ್ಕೆ ಸಮೀಪವಾಗಿರುವುದರಿಂದ ವಿಶೇಷ ಗಮನ ಬೇಡುತ್ತದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಲಿಪಿಕಾರರ ನೆರವು, ಹೆಚ್ಚುವರಿ ಸಮಯ ಮುಂತಾದ ರಿಯಾಯಿತಿಗಳನ್ನು ಶಾಲೆಯ ಮೂಲಕ ಮುಂಚಿತವಾಗಿ ಕೋರಬೇಕಾಗುತ್ತದೆ. ಅವಧಿ ಮೀರಿದ ಪ್ರಮಾಣಪತ್ರ ಹಿಡಿದು 10ನೇ ತರಗತಿಯಲ್ಲಿ ಶಾಲೆ ಬದಲಿಸುವ ಮಗುವಿಗೆ ಈ ರಿಯಾಯಿತಿಗಳು ಕೈತಪ್ಪುವ ಅಪಾಯವಿದೆ.

## ನ್ಯೂನತೆಯ ಸ್ವರೂಪ ಮತ್ತು ಮರುಮೌಲ್ಯಾಂಕನದ ಅಗತ್ಯ

ಮರುಮೌಲ್ಯಾಂಕನದಲ್ಲಿ ಏನನ್ನು ನೋಡಬೇಕೆಂಬುದು ನ್ಯೂನತೆಯ ಸ್ವರೂಪವನ್ನು ಅವಲಂಬಿಸಿದೆ.

* ಶ್ರವಣ ದೋಷ: ಕಿವಿ ಬೆಳೆದಂತೆ ಶ್ರವಣ ಸಾಧನದ ಅಚ್ಚು ಸಡಿಲಗೊಳ್ಳುತ್ತದೆ. ಆದ್ದರಿಂದ ಸಾಧನದ ಹೊಂದಿಕೆಯನ್ನು ಪರೀಕ್ಷಿಸಬೇಕು. ಹೊಸ ತರಗತಿಯಲ್ಲಿ ಮಗು ಕುಳಿತುಕೊಳ್ಳುವ ಜಾಗ ಮತ್ತು ಕೊಠಡಿಯ ಸದ್ದು ಸಹ ಪರಿಶೀಲನೆಯ ಭಾಗ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದ ಪ್ರಮುಖ ರಾಷ್ಟ್ರೀಯ ಸಂಸ್ಥೆಯಾಗಿದೆ.
* ದೃಷ್ಟಿ ದೋಷ: ಬ್ರೈಲ್ ಅಥವಾ ದೊಡ್ಡಕ್ಷರದ ಪಠ್ಯಪುಸ್ತಕಗಳ ಬೇಡಿಕೆಯನ್ನು ಹೊಸ ಶಾಲೆಯ ಹೆಸರಿನಲ್ಲಿ ಸಲ್ಲಿಸಬೇಕಾಗುತ್ತದೆ. ಅಪರಿಚಿತ ಆವರಣದಲ್ಲಿ ಓಡಾಡಲು ಮಗುವಿಗೆ ಮೊದಲ ದಿನಗಳಲ್ಲಿ ತರಬೇತಿ ಬೇಕು.
* ಮೆದುಳಿನ ಪಾರ್ಶ್ವವಾಯು ಮತ್ತು ಚಲನಾ ದೋಷ: ಗಾಲಿಕುರ್ಚಿ ಮತ್ತು ಕ್ಯಾಲಿಪರ್‌ಗಳು ಬೆಳೆಯುವ ಮಗುವಿಗೆ ಬೇಗನೆ ಚಿಕ್ಕದಾಗುತ್ತವೆ. ಇಳಿಜಾರು ದಾರಿ, ಶೌಚಾಲಯ ಮತ್ತು ತರಗತಿ ನೆಲಮಹಡಿಯಲ್ಲಿದೆಯೇ ಎಂಬುದನ್ನು ಮಗು ಸೇರುವ ಮೊದಲೇ ನೋಡಬೇಕು.
* ಬೌದ್ಧಿಕ ನ್ಯೂನತೆ: ಬುದ್ಧಿಶಕ್ತಿ ಪರೀಕ್ಷೆಯನ್ನು ಅಲ್ಪಾವಧಿಯಲ್ಲಿ ಮತ್ತೆ ನಡೆಸಿದರೆ ಅಭ್ಯಾಸದ ಪರಿಣಾಮದಿಂದ ಅಂಕಗಳು ವಾಸ್ತವಕ್ಕಿಂತ ಹೆಚ್ಚಾಗಬಹುದು. ಇತ್ತೀಚಿನ ವರದಿ ಇದ್ದರೆ ದೈನಂದಿನ ಕೌಶಲಗಳ ಮರುಪರಿಶೀಲನೆಯೇ ಹೆಚ್ಚು ಉಪಯುಕ್ತ.
* ಆಟಿಸಂ: ಪರಿಸರದ ಬದಲಾವಣೆಯೇ ಮಗುವಿನ ವರ್ತನೆಯನ್ನು ಏರುಪೇರು ಮಾಡಬಲ್ಲದು. ಸೇರಿದ ಮೊದಲ ವಾರದ ವರ್ತನೆಯನ್ನು ನೋಡಿ ಮಾಡಿದ ಮೌಲ್ಯಾಂಕನವು ಮಗುವಿನ ನಿಜವಾದ ಸಾಮರ್ಥ್ಯವನ್ನು ಕಡಿಮೆ ಅಂದಾಜು ಮಾಡುವ ಸಾಧ್ಯತೆಯಿದೆ.
* ನಿರ್ದಿಷ್ಟ ಕಲಿಕಾ ನ್ಯೂನತೆ: ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಮಾಲಿಕೆಯನ್ನು 2018ರ ಮಾರ್ಗಸೂಚಿ ಸೂಚಿಸಿತ್ತು. ಮಗುವಿನ ಓದು-ಬರಹವು ತರಗತಿಯ ಮಟ್ಟಕ್ಕಿಂತ ಎಷ್ಟು ಹಿಂದಿದೆ ಎಂಬುದು ಇಲ್ಲಿ ಮುಖ್ಯವಾದ್ದರಿಂದ ಮಾಧ್ಯಮ ಬದಲಾದರೆ ಫಲಿತಾಂಶವನ್ನು ಎಚ್ಚರಿಕೆಯಿಂದ ಓದಬೇಕು.

### ಭಾಷೆಯ ಪ್ರಶ್ನೆ

ಮನೆಯಲ್ಲಿ ತುಳು, ಕೊಂಕಣಿ, ಮಲಯಾಳಂ, ಉರ್ದು ಅಥವಾ ತಮಿಳು ಮಾತನಾಡುವ ಮಗುವನ್ನು ಕನ್ನಡದ ಪದಜ್ಞಾನದಿಂದಷ್ಟೇ ಅಳೆದರೆ ಭಾಷೆಯ ಅಪರಿಚಿತತೆಯು ನ್ಯೂನತೆಯಾಗಿ ದಾಖಲಾಗುವ ಅಪಾಯವಿದೆ. ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ವರ್ಗಾವಣೆಯಾದ ಮಗುವಿಗೂ ಇದು ಅನ್ವಯಿಸುತ್ತದೆ. ಪರೀಕ್ಷೆಗಳನ್ನು ಸ್ಥಳೀಯ ಭಾಷೆಗೆ ತರುವ ಪ್ರಯತ್ನ ಹಳೆಯದು. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಸ್ಟ್ಯಾನ್‌ಫೋರ್ಡ್-ಬಿನೆ ಬುದ್ಧಿಶಕ್ತಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಅಳವಡಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ.

## ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ

ಈ ಮೂರು ತಾಲ್ಲೂಕುಗಳು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದಲ್ಲಿದ್ದು, ತುಂಗಾ ಮತ್ತು ಭದ್ರಾ ನದಿಗಳ ಜಲಾನಯನಕ್ಕೆ ಸೇರಿವೆ. ಪ್ರತಿಯೊಂದೂ ಪ್ರತ್ಯೇಕ ಶೈಕ್ಷಣಿಕ ವಲಯ. ಇವುಗಳ ನಡುವಿನ ವರ್ಗಾವಣೆಯಲ್ಲಿ ವಲಯ ಬದಲಾದರೂ ಜಿಲ್ಲೆಯ ಉಪನಿರ್ದೇಶಕರ ಕಚೇರಿ ಬದಲಾಗುವುದಿಲ್ಲ. ಆದರೆ ಕೊಪ್ಪದಿಂದ ಹತ್ತಿರದ ತೀರ್ಥಹಳ್ಳಿಗೆ ಹೋದರೆ ಮಗು ಶಿವಮೊಗ್ಗ ಜಿಲ್ಲೆಗೆ ಸೇರುತ್ತದೆ. ಶೃಂಗೇರಿಯಿಂದ ಘಟ್ಟವಿಳಿದು ಕಾರ್ಕಳಕ್ಕೆ ಹೋದರೆ ಉಡುಪಿ ಜಿಲ್ಲೆಗೆ ಸೇರುತ್ತದೆ. ದೂರ ಕಡಿಮೆಯಿದ್ದರೂ ಇಂತಹ ಸಂದರ್ಭಗಳಲ್ಲಿ ಎರಡು ಜಿಲ್ಲೆಗಳ ಕಚೇರಿಗಳ ನಡುವೆ ಕಡತ ಸಾಗಬೇಕಾಗುತ್ತದೆ.

ಕಾಫಿ ಮತ್ತು ಅಡಿಕೆ ತೋಟಗಳ ದುಡಿಮೆ ಈ ಭಾಗದಲ್ಲಿ ವಲಸೆಗೆ ಒಂದು ಮುಖ್ಯ ಕಾರಣ. ಹೊರಜಿಲ್ಲೆ ಮತ್ತು ಹೊರರಾಜ್ಯಗಳ ಕಾರ್ಮಿಕ ಕುಟುಂಬಗಳು ಕೊಯ್ಲಿನ ಕಾಲದಲ್ಲಿ ಬಂದು ಲೈನ್ ಮನೆಗಳಲ್ಲಿ ನೆಲೆಸುತ್ತವೆ. ಕಾಫಿ ಕೊಯ್ಲು ಚಳಿಗಾಲದಲ್ಲಿ ನಡೆಯುವುದರಿಂದ ಈ ಮಕ್ಕಳು ಶೈಕ್ಷಣಿಕ ವರ್ಷದ ನಡುವೆಯೇ ಶಾಲೆಗೆ ಸೇರುತ್ತಾರೆ. ಇವರಲ್ಲಿ ನ್ಯೂನತೆಯುಳ್ಳ ಮಗುವಿನ ಹಿಂದಿನ ದಾಖಲೆಗಳು ಜೊತೆಗಿಲ್ಲದಿದ್ದರೆ ಗುರುತಿಸುವಿಕೆಯನ್ನೇ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಭೂಸ್ವರೂಪವೂ ಪ್ರಕ್ರಿಯೆಯ ಮೇಲೆ ಪ್ರಭಾವ ಬೀರುತ್ತದೆ. ಮಲೆನಾಡಿನಲ್ಲಿ ಮನೆಗಳು ಗುಂಪಾಗಿರದೆ ತೋಟ, ಗದ್ದೆಗಳ ನಡುವೆ ಚದುರಿರುತ್ತವೆ. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕವನ್ನೇ ನಂಬಬೇಕಾದ ಕಡೆಗಳಲ್ಲಿ ಚಲನಾ ದೋಷವುಳ್ಳ ಮಗು ಶಾಲೆಗೆ ಬರುವುದೂ, ಗೃಹಾಧಾರಿತ ಶಿಕ್ಷಣಕ್ಕಾಗಿ ಸಂಪನ್ಮೂಲ ಶಿಕ್ಷಕರು ಮನೆಗೆ ತಲುಪುವುದೂ ಕಷ್ಟ. ಶಾಲೆ ಆರಂಭವಾಗುವ ಜೂನ್ ತಿಂಗಳೇ ಮುಂಗಾರಿನ ಆರಂಭವೂ ಆಗಿರುವುದರಿಂದ, ವರ್ಗಾವಣೆಯಾದ ಮಕ್ಕಳ ಮೌಲ್ಯಾಂಕನ ನಡೆಯಬೇಕಾದ ಮೊದಲ ತಿಂಗಳುಗಳು ಮತ್ತು ಭಾರಿ ಮಳೆಯ ತಿಂಗಳುಗಳು ಒಂದೇ ಆಗಿವೆ. ವೈದ್ಯಕೀಯ ಪ್ರಮಾಣೀಕರಣ ಅಗತ್ಯವಾದಾಗ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಿಬರಲು ಈ ತಾಲ್ಲೂಕುಗಳ ಪೋಷಕರಿಗೆ ಒಂದು ದಿನದ ದುಡಿಮೆ ತಪ್ಪುತ್ತದೆ. ನರಸಿಂಹರಾಜಪುರ ಮತ್ತು ಕೊಪ್ಪದವರಿಗೆ ಶಿವಮೊಗ್ಗದ ಬೋಧನಾ ಆಸ್ಪತ್ರೆಯೂ ಸಮೀಪದ ಆಯ್ಕೆಯಾಗಿದೆ.

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಯುಡಿಐಡಿ ಅರ್ಜಿ ಮತ್ತು ಸೌಲಭ್ಯಗಳ ವಿಷಯದಲ್ಲಿ ನೆರವಾಗುತ್ತಾರೆ. ಇವರು ಶಿಕ್ಷಣ ಇಲಾಖೆಗೆ ಸೇರಿದವರಲ್ಲ. ಅಂಗವಿಕಲರ ಕಲ್ಯಾಣಕ್ಕೆ ಸಂಬಂಧಿಸಿದ ಇಲಾಖೆಯ ವ್ಯವಸ್ಥೆಗೆ ಸೇರಿದವರು. ಹೀಗಾಗಿ ವಾಸಸ್ಥಳ ಬದಲಾದ ಮಾಹಿತಿಯನ್ನು ಎರಡೂ ಇಲಾಖೆಗಳಿಗೆ ಪ್ರತ್ಯೇಕವಾಗಿ ತಿಳಿಸಬೇಕಾಗುತ್ತದೆ.

## ವರ್ಗಾವಣೆಯ ಕ್ರಮ ಮತ್ತು ದಾಖಲೆಗಳು

ಕರ್ನಾಟಕದ ಶಾಲಾ ಮಕ್ಕಳ ವಿವರಗಳು ‘ಸ್ಯಾಟ್ಸ್’ ಎಂಬ ವಿದ್ಯಾರ್ಥಿ ಸಾಧನೆ ದಾಖಲಾತಿ ವ್ಯವಸ್ಥೆಯಲ್ಲಿರುತ್ತವೆ. ರಾಜ್ಯದೊಳಗೆ ಶಾಲೆ ಬದಲಿಸಿದರೂ ಮಗುವಿನ ಗುರುತು ಸಂಖ್ಯೆ ಬದಲಾಗುವುದಿಲ್ಲ. ವಿಶೇಷ ಅಗತ್ಯವುಳ್ಳ ಮಗು ಎಂಬ ನಮೂದು ಹೊಸ ಶಾಲೆಗೆ ಗೋಚರಿಸಿದರೂ, ‘ಶ್ರವಣ ದೋಷ’ ಎಂಬ ಒಂದು ಪದವು ಆ ಮಗು ಎಡಗಡೆಯಿಂದ ಮಾತನಾಡಿಸಿದರೆ ಕೇಳಿಸಿಕೊಳ್ಳುತ್ತದೆ ಎಂಬುದನ್ನು ತಿಳಿಸುವುದಿಲ್ಲ. ಅಂತಹ ವಿವರ ಇರುವುದು ಶಿಕ್ಷಕರ ಟಿಪ್ಪಣಿಯಲ್ಲಿ. ಆದ್ದರಿಂದ ವರ್ಗಾವಣೆ ಪತ್ರದ ಜೊತೆಗೆ ಕೆಳಗಿನ ದಾಖಲೆಗಳ ಪ್ರತಿಗಳು ಕುಟುಂಬದ ಬಳಿ ಇರುವುದು ಉಪಯುಕ್ತ:

* ಯುಡಿಐಡಿ ಕಾರ್ಡ್ ಮತ್ತು ಅಂಗವೈಕಲ್ಯ ಪ್ರಮಾಣಪತ್ರ
* ಇತ್ತೀಚಿನ ವೈಯಕ್ತಿಕ ಶಿಕ್ಷಣ ಯೋಜನೆ ಮತ್ತು ಪ್ರಗತಿ ವರದಿ
* ಮನೋವೈಜ್ಞಾನಿಕ, ವಾಕ್-ಶ್ರವಣ ಅಥವಾ ಭೌತಚಿಕಿತ್ಸಾ ವರದಿಗಳು; ಪರೀಕ್ಷೆಯ ಹೆಸರು, ಭಾಷೆ ಮತ್ತು ದಿನಾಂಕ ಸಹಿತ
* ಪಡೆದಿರುವ ಸಾಧನ ಸಲಕರಣೆಗಳ ವಿವರ ಮತ್ತು ಪಡೆದ ವರ್ಷ
* ಹಿಂದಿನ ಪರೀಕ್ಷೆಗಳಲ್ಲಿ ನೀಡಿದ್ದ ರಿಯಾಯಿತಿಗಳ ಆದೇಶದ ಪ್ರತಿ
* ಮಗುವಿನ ಬರವಣಿಗೆಯ ಕೆಲವು ಮಾದರಿಗಳು
* ತರಗತಿ ಶಿಕ್ಷಕರು ಅಥವಾ ಸಂಪನ್ಮೂಲ ಶಿಕ್ಷಕರು ಬರೆದ ಒಂದು ಪುಟದ ಪರಿಚಯ ಟಿಪ್ಪಣಿ

ಹೊಸ ಶಾಲೆಯ ಮುಖ್ಯ ಶಿಕ್ಷಕರು ಮಗುವಿನ ಹೆಸರನ್ನು ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ತಿಳಿಸಿದ ನಂತರ ಸಂಪನ್ಮೂಲ ಶಿಕ್ಷಕರು ಶಾಲೆಗೆ ಭೇಟಿ ನೀಡುತ್ತಾರೆ. ಮೊದಲು ಹಳೆಯ ಯೋಜನೆಯನ್ನು ಓದಿ, ಅದರಂತೆಯೇ ಬೋಧನೆ ಮುಂದುವರಿಸಿ, ಮಗು ಹೊಸ ತರಗತಿಗೆ ಒಗ್ಗಿದ ಮೇಲೆ ಹೊಸ ಮೌಲ್ಯಾಂಕನ ಕೈಗೊಳ್ಳುವುದು ಸೂಕ್ತ ಕ್ರಮ. ಹಿಂದಿನ ವಲಯದ ಸಂಪನ್ಮೂಲ ಶಿಕ್ಷಕರೊಂದಿಗಿನ ಒಂದು ದೂರವಾಣಿ ಸಂಭಾಷಣೆ ಅನೇಕ ಪರೀಕ್ಷೆಗಳ ಅಗತ್ಯವನ್ನು ತಪ್ಪಿಸಬಲ್ಲದು.

ಸಮಗ್ರ ಶಿಕ್ಷಣದಡಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವಾರ್ಷಿಕ 3,500 ರೂಪಾಯಿವರೆಗಿನ ನೆರವಿಗೂ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಪ್ರೋತ್ಸಾಹಧನಕ್ಕೂ ಅವಕಾಶ ಕಲ್ಪಿಸಲಾಗಿದೆ. ಹೊಸ ಶಾಲೆಯ ದಾಖಲೆಯಲ್ಲಿ ಮಗುವಿನ ನಮೂದು ಸರಿಯಾಗಿದ್ದರೆ ಮಾತ್ರ ಇವು ಮುಂದುವರಿಯುತ್ತವೆ.

## ಇತರ ದೇಶಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಂಗವಿಕಲ ವಿದ್ಯಾರ್ಥಿಗಳ ಶಿಕ್ಷಣ ಕಾಯ್ದೆಯು ಕನಿಷ್ಠ ಮೂರು ವರ್ಷಗಳಿಗೊಮ್ಮೆ ಮರುಮೌಲ್ಯಾಂಕನವನ್ನು ವಿಧಿಸುತ್ತದೆ. ಪೋಷಕರು ಮತ್ತು ಶಾಲೆ ಇಬ್ಬರೂ ಅನಗತ್ಯವೆಂದು ಒಪ್ಪಿದರೆ ಅದನ್ನು ಬಿಡಬಹುದು. ಯೋಜನೆ ಹೊಂದಿರುವ ಮಗು ಶೈಕ್ಷಣಿಕ ವರ್ಷದ ನಡುವೆ ಇನ್ನೊಂದು ಶಾಲಾ ಜಿಲ್ಲೆಗೆ ಹೋದರೆ, ಹೊಸ ಜಿಲ್ಲೆಯು ಹಿಂದಿನ ಯೋಜನೆಗೆ ಸಮಾನವಾದ ಸೇವೆಗಳನ್ನು ತನ್ನ ನಿರ್ಧಾರವಾಗುವವರೆಗೆ ನೀಡಬೇಕು. ಇಂಗ್ಲೆಂಡಿನಲ್ಲಿ 2014ರ ಕಾನೂನಿನಡಿ ಮಗುವಿನ ಶಿಕ್ಷಣ, ಆರೋಗ್ಯ ಮತ್ತು ಆರೈಕೆ ಯೋಜನೆಯು ವಾಸ ಬದಲಾದಾಗ ಹೊಸ ಸ್ಥಳೀಯ ಪ್ರಾಧಿಕಾರಕ್ಕೆ ವರ್ಗಾವಣೆಯಾಗುತ್ತದೆ.

ವಿದೇಶದಿಂದ ಕರ್ನಾಟಕಕ್ಕೆ ಮರಳುವ ಕುಟುಂಬಗಳ ಮಕ್ಕಳ ಯೋಜನೆಗಳಿಗೆ ಭಾರತದಲ್ಲಿ ಕಾನೂನಿನ ಬಲವಿಲ್ಲ. ಆದರೂ ಮಗುವಿನ ಅಗತ್ಯಗಳನ್ನು ತೋರಿಸುವ ದಾಖಲೆಯಾಗಿ ಅವು ಉಪಯೋಗಕ್ಕೆ ಬರುತ್ತವೆ. ಇಲ್ಲಿನ ಸೌಲಭ್ಯಗಳಿಗೆ ಯುಡಿಐಡಿ ಪ್ರಮಾಣಪತ್ರವನ್ನು ಹೊಸದಾಗಿ ಪಡೆಯಬೇಕಾಗುತ್ತದೆ.

## ಸವಾಲುಗಳು ಮತ್ತು ಪರಿಹಾರ ಮಾರ್ಗ

ತರಬೇತಿ ಪಡೆದ ವಿಶೇಷ ಶಿಕ್ಷಕರ ಕೊರತೆ ದೇಶದಾದ್ಯಂತ ಇರುವ ಸಮಸ್ಯೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ, 1ರಿಂದ 5ನೇ ತರಗತಿಯವರೆಗೆ 10 ಮಕ್ಕಳಿಗೆ ಒಬ್ಬ ಹಾಗೂ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಅನುಪಾತವನ್ನು ಸೂಚಿಸಿತು. ಒಂದು ತಾಲ್ಲೂಕಿನ ಚದುರಿದ ಶಾಲೆಗಳನ್ನು ಕೆಲವೇ ಸಂಪನ್ಮೂಲ ಶಿಕ್ಷಕರು ಸುತ್ತಬೇಕಾದಾಗ, ಹೊಸದಾಗಿ ಬಂದ ಮಗುವಿನ ಸರದಿ ತಡವಾಗುತ್ತದೆ.

ಪ್ರವೇಶ ಅಥವಾ ಬೆಂಬಲ ನಿರಾಕರಿಸಲ್ಪಟ್ಟರೆ ಪೋಷಕರು ಮೊದಲು ಮುಖ್ಯ ಶಿಕ್ಷಕರಿಗೂ ನಂತರ ಕ್ಷೇತ್ರ ಶಿಕ್ಷಣಾಧಿಕಾರಿಗೂ ಲಿಖಿತ ಮನವಿ ಸಲ್ಲಿಸಬಹುದು. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಪ್ರಕರಣದಡಿ ಸ್ಥಳೀಯ ಪ್ರಾಧಿಕಾರವು ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅದರ ಮೇಲ್ಮನವಿಯನ್ನು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಸಲ್ಲಿಸಲು ಅವಕಾಶವಿದೆ. ಅಂಗವೈಕಲ್ಯದ ಆಧಾರದ ತಾರತಮ್ಯದ ದೂರುಗಳನ್ನು ರಾಜ್ಯ ಅಂಗವಿಕಲರ ಆಯುಕ್ತರು ಪರಿಶೀಲಿಸುತ್ತಾರೆ.

## ಇವನ್ನೂ ನೋಡಿ

* ಸಮನ್ವಯ ಶಿಕ್ಷಣ
* ಶಿಕ್ಷಣ ಹಕ್ಕು ಕಾಯ್ದೆ
* ಕಲಿಕಾ ನ್ಯೂನತೆ
* ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ
* ಚಿಕ್ಕಮಗಳೂರು ಜಿಲ್ಲೆ